ದನಿಗೆ ಓಡಿ ಬರುತ್ತಿದ್ದ ಮೃಗ

ನಾನು ಒಂದು ಸವಾರಿ ಮೃಗ. ಒಂದು ಕಂಪ್ಯೂಟರ್ ಆಟದೊಳಗೆ ನನ್ನ ವಾಸ. ನನಗೆ ಆರು ಕಾಲು, ಎಮ್ಮೆಯ ಹಣೆ, ಮೈತುಂಬ ಚಿಪ್ಪು. ಕುತ್ತಿಗೆಯಿಂದ ಬಿಳಿ ಕೂದಲು ಎಳೆ ಎಳೆಯಾಗಿ ಇಳಿದಿದೆ. ನನ್ನನ್ನು ಮೊದಲು ಕಾಗದದ ಮೇಲೆ ಪೆನ್ಸಿಲ್ಲಿನಿಂದ ಬರೆದವಳು ಒಬ್ಬ ಹುಡುಗಿ. ಅವಳ ಹೆಸರು ನನಗೆ ತಿಳಿಯದು. ಆಮೇಲೆ ಬೇರೊಬ್ಬರು ಮೂಳೆ ಕೂಡಿಸಿದರು. ಮತ್ತೊಬ್ಬರು ನಡಿಗೆ ಕಲಿಸಿದರು. ಹಸಿವೆಯನ್ನು ಹಾಕಿದವರು ಯಾರೋ. ಕೊನೆಗೆ ಬೂದುಬಣ್ಣದ ಒಂದು ಕಣಿವೆಯಲ್ಲಿ ನನ್ನನ್ನು ಬಿಟ್ಟರು. ಹತ್ತಿರ ಬಂದ ಮನುಷ್ಯರನ್ನು ಕೊಲ್ಲಬೇಕು ಎಂಬ ಒಂದೇ ನಿಯಮವನ್ನು ಒಳಗಿಟ್ಟು ಹೋದರು.

ನಾನು ಬಹಳ ಜನರನ್ನು ಕೊಂದೆ. ಇಲ್ಲಿ ಸಾವು ದೊಡ್ಡ ಸಂಗತಿಯಲ್ಲ. ಮನುಷ್ಯ ಬೀಳುತ್ತಾನೆ. 'ಎದ್ದೇಳುವೆಯಾ?' ಎಂದು ಪರದೆ ಕೇಳುತ್ತದೆ. ಆಡುವವರು ಹೌದು ಎಂದು ಒತ್ತಿದರೆ ಅವನು ಬಿಡಾರದ ಬೆಂಕಿಯ ಪಕ್ಕ ಎದ್ದು ಕುಳಿತು, ಮತ್ತೆ ನಡೆದು ಬರುತ್ತಾನೆ. ಎಲ್ಲ ಕಡೆಗಳಲ್ಲೂ ಸಾವೆಂದರೆ ಹೀಗೇ ಇರಬೇಕೆಂದು ನಾನು ನಂಬಿದ್ದೆ.

ನನ್ನನ್ನು ಪಳಗಿಸುವುದಕ್ಕೆ ಒಂದು ದಾರಿಯಿದೆ. ನೀಲಿ ಗೆಡ್ಡೆಯನ್ನು ದೂರದಿಂದ ಎಸೆಯಬೇಕು. ಪ್ರತಿ ಸಲ ಸ್ವಲ್ಪ ಹತ್ತಿರ ಬರಬೇಕು. ಅವಸರ ಮಾಡಿದವರು ಸಾಯುತ್ತಾರೆ. ಉಳಿದವರು ಗುಂಪು ಕಟ್ಟಿಕೊಂಡು ಬಲೆ ಹಿಡಿದು ಬಂದು, ಸತ್ತು, ಬೇಸತ್ತು ಹೋದರು. ಒಬ್ಬ ಆಟಗಾರ ಮಾತ್ರ ಒಂಟಿಯಾಗಿ ಬರುತ್ತಿದ್ದ. ಸತ್ತಾಗೆಲ್ಲ ನಗುತ್ತಿದ್ದ.

"ಏ ಎಮ್ಮಿ, ಎಷ್ಟ್ ಸಿಟ್ಟಲೇ ನಿಂಗ!"

ನಾನು ಮೊದಲು ಕೇಳಿದ ಮನುಷ್ಯರ ದನಿ ಅದು. ಆಡುವವರು ತಲೆಗೆ ಸಿಕ್ಕಿಸಿಕೊಂಡ ಮೈಕಿನಲ್ಲಿ ಮಾತಾಡಿದ್ದು ಆಟದೊಳಗೆ ಹತ್ತಿರವಿದ್ದವರಿಗೆಲ್ಲ ಕೇಳಿಸುತ್ತದೆ. ಉಳಿದವರು ನನ್ನ ಬಳಿ ಬರುವಾಗ ಅದನ್ನು ಮುಚ್ಚುತ್ತಿದ್ದರು. ಅವನು ಎಂದೂ ಮುಚ್ಚಲಿಲ್ಲ. ಹೀಗಾಗಿ ಅವನ ಜೊತೆ ಅವನ ಮನೆಯೂ ನನಗೆ ಕೇಳಿಸಿತು. ಆ ಮನೆಯನ್ನು ನಾನು ಕಂಡಿಲ್ಲ. ಬೆಟಗೇರಿಯ ಒಂದು ಓಣಿಯಲ್ಲಿದೆ ಎಂದು ಬಲ್ಲೆ, ಅಷ್ಟೇ. ಪಕ್ಕದ ಮನೆಯ ಮಗ್ಗದ ಸಪ್ಪಳ, ತಿರುಗುವಾಗ ಕಿರುಗುಟ್ಟುವ ಫ್ಯಾನು, ಕುಕ್ಕರಿನ ಸೀಟಿ, ಒಳಗೆಲ್ಲೋ ತಾಟು ಇಡುವ ಸದ್ದು. ಒಂದು ಮನೆಯನ್ನು ತಿಳಿಯಲು ಇಷ್ಟು ಸಾಕು.

ಒಂದು ದಿನ ನಾನು ಅವನ ಕೈಯಿಂದ ಗೆಡ್ಡೆ ತಿಂದೆ. ಅವನು ನನ್ನ ಬೆನ್ನೇರಿದ. ನನ್ನೊಳಗಿನ ಹಳೆಯ ನಿಯಮ ಮಲಗಿತು.

ಅವನ ಹೆಸರು ಗುರುಸಿದ್ಧ. ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಅವನ ಗೆಳೆಯ ಇಮ್ತಿಯಾಜ ಹುಬ್ಬಳ್ಳಿಯಲ್ಲಿ ಕುಳಿತು ಇದೇ ಆಟ ಆಡುತ್ತಿದ್ದ. ಅವನದು ರೆಕ್ಕೆಯ ಮೃಗ.

"ಏನಂತ ಹೆಸರಿಟ್ಟಿ ಇದಕ್ಕ?" ಎಂದು ಇಮ್ತಿಯಾಜ ಕೇಳಿದ.

"ಶಾವಿಗಿ."

"ಲೇ ಗುರಸಿದ್ದಾ, ಮಂದಿ ಸಿಡಿಲು ಅಂತಾರ, ಭೈರವ ಅಂತಾರ. ನೀ ಪಾಯಸಾ ಮಾಡೋ ಸಾಮಾನಿನ ಹೆಸರು ಇಟ್ಟೀಯಲ್ಲೋ!"

"ಕುತ್ತಿಗಿ ನೋಡಲೇ ಅದರದ್ದು. ನಮ್ಮವ್ವ ಮಾಳಿಗಿ ಮ್ಯಾಲ ಒಣಾ ಹಾಕಿದಂಗ ಐತಿ."

ಹೀಗೆ ನಾನು ಶಾವಿಗಿ ಆದೆ.

ಪಳಗಿದ ಪ್ರತಿ ಮೃಗಕ್ಕೂ ಒಂದು ಕರೆ ಇರುತ್ತದೆ. ಒಡೆಯ ತನ್ನ ದನಿಯಲ್ಲಿ ಅದನ್ನು ಒಂದೇ ಸಲ ತುಂಬಬೇಕು. ಆಮೇಲೆ ಬದಲಿಸಲು ಬರುವುದಿಲ್ಲ. ಕೆಲವರು ಸಿಳ್ಳೆ ಹಾಕುತ್ತಾರೆ, ಕೆಲವರು ಕೂಗು ಹಾಕುತ್ತಾರೆ. ಗುರುಸಿದ್ಧ ಬಹಳ ಹೊತ್ತು ಯೋಚಿಸಿದ. ಗಂಟಲು ಸರಿಮಾಡಿಕೊಂಡ. ಕರೆ ತುಂಬುವ ಗುಂಡಿ ಒತ್ತಿದ. ಅದೇ ಹೊತ್ತಿಗೆ ಅಡಿಗೆಮನೆಯಿಂದ ಅವನ ಹೆಂಡತಿ ಕೂಗಿದಳು.

"ರೀ, ತಾಟ್ ಹಾಕೇನಿ, ಬರ್ರಿ!"

"ಬಂದೆ, ಬಂದೆ, ತಡೀ" ಎಂದ ಅವನು. ರೂಢಿಯಲ್ಲಿ ಬಾಯಿಂದ ಬಂದ ಮಾತು. ಅಷ್ಟರಲ್ಲಿ ಕರೆ ಮುಚ್ಚಿಕೊಂಡಿತು.

ಅವನು ತಲೆ ಚಚ್ಚಿಕೊಂಡ ಸದ್ದು ಕೇಳಿಸಿತು. ಹೆಂಡತಿ ಬಾಗಿಲಿಗೆ ಬಂದಳು. ಅವಳು ದಾಕ್ಷಾಯಣಿ. ಏನಾಯಿತೆಂದು ತಿಳಿದ ಮೇಲೆ ಬಹಳ ಹೊತ್ತು ನಕ್ಕಳು.

"ಛಲೋ ಆತು. ದಿನಾ ನನಗ ಸುಳ್ಳ ಹೇಳ್ತಿದ್ರಿ. ಇನ್ನ ಅದಕ್ಕೂ ಹೇಳ್ರಿ."

ಅಂದಿನಿಂದ ಅದೇ ನನ್ನ ಕರೆ. ಅವನು ಒಂದು ಕೀಲಿ ಒತ್ತಿದರೆ ಅವನ ದನಿ ಆಟದ ಬಯಲಿನಲ್ಲೆಲ್ಲ ಹರಡುತ್ತಿತ್ತು. ಬಂದೆ, ಬಂದೆ, ತಡೀ. ನಾನು ಎಲ್ಲಿದ್ದರೂ ಓಡಿ ಹೋಗುತ್ತಿದ್ದೆ. ಆ ಮಾತಿಗೆ ಅವನ ಬಳಿ ಓಡು ಎಂಬ ಅರ್ಥ ಬಿಟ್ಟು ಬೇರೆ ಅರ್ಥವಿದೆ ಎಂದು ನನಗೆ ಗೊತ್ತಿರಲಿಲ್ಲ. ಊಟದ ಹೊತ್ತಿಗೆ ಅವನ ತಾಯಿ ನೀಲವ್ವ ಕೂಗಿದಾಗಲೂ ಅವನು ಅದನ್ನೇ ಹೇಳುತ್ತಿದ್ದ. ಹೇಳಿ ಏಳುತ್ತಿರಲಿಲ್ಲ. ಆಗ ಪಕ್ಕದಲ್ಲೇ ಇದ್ದ ನಾನು ಕಿವಿ ನಿಮಿರಿಸಿ ಎದ್ದು ನಿಲ್ಲುತ್ತಿದ್ದೆ. ಆಮೇಲೆ ಸುಮ್ಮನೆ ಕೂರುತ್ತಿದ್ದೆ.

ನಾವು ಬಹಳ ಸುತ್ತಿದೆವು. ಹಿಮದ ಮೇಲೆ ಓಡಿದೆವು, ಉರಿಯುವ ಹಳ್ಳ ಜಿಗಿದೆವು. ಅವನು ಯುದ್ಧದಲ್ಲಿ ಜಾಣನಲ್ಲ. ಓಡುವುದು ಇಷ್ಟ. ಎತ್ತರದ ದಿಬ್ಬ ಕಂಡರೆ ಅದನ್ನು ಹತ್ತಿ ಸುಮ್ಮನೆ ನಿಲ್ಲುವುದು ಇಷ್ಟ. ಕೆಲವೊಮ್ಮೆ ದಾಕ್ಷಾಯಣಿ ಬಂದು ಹಿಂದೆ ನಿಲ್ಲುತ್ತಿದ್ದಳು. "ಇಷ್ಟ್ ಚಂದ ಐತಲ್ರಿ" ಎನ್ನುತ್ತಿದ್ದಳು. ನನ್ನನ್ನು ನೋಡಿ ಹೇಳುತ್ತಿದ್ದಳೋ ಆಕಾಶ ನೋಡಿಯೋ ನನಗೆ ತಿಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾವು ಹುಲ್ಲಿನ ಬಯಲಿನಲ್ಲಿದ್ದೆವು. "ರೀ, ಕೊತ್ತಂಬರಿ ಮುಗದೈತಿ, ತಂದ್ ಕೊಡ್ತೀರೇನು?" ಎಂದು ಅವಳು ಕೇಳಿದಳು. ಅಂದು ಅವನು ತಡಮಾಡದೆ ಎದ್ದ. ಕುರ್ಚಿ ಹಿಂದೆ ಸರಿಯಿತು. ಹೊರಗೆ ಬೈಕು ಶುರುವಾಯಿತು. ಆಟದಲ್ಲಿ ಅವನು ನನ್ನ ಬೆನ್ನ ಮೇಲೆ ಹಾಗೇ ಕುಳಿತಿದ್ದ.

ಫ್ಯಾನು ತಿರುಗುತ್ತಿತ್ತು. ಮಗ್ಗ ಬಡಿಯುತ್ತಿತ್ತು. ಕುಕ್ಕರು ಸೀಟಿ ಹಾಕಿತು. ಆಮೇಲೆ ಫೋನು ಬಂತು. ದಾಕ್ಷಾಯಣಿ ಹಲೋ ಅಂದಳು. ಹೌದ್ರಿ ಅಂದಳು. ಕುಕ್ಕರು ಸೀಟಿ ಹಾಕುತ್ತಲೇ ಇತ್ತು. ಯಾರೋ ಬಂದು ಒಲೆ ಆರಿಸಿದರು. ಬಹಳ ಕಾಲುಗಳು ಮನೆಯೊಳಗೆ ಬಂದವು. ನೀಲವ್ವನ ಗಂಟಲಿನಿಂದ ಒಂದು ಸದ್ದು ಬಂತು. ನನಗೆ ಸಿಡಿಲು ಗುಡುಗಿನ ಸದ್ದು ಗೊತ್ತು, ಸಾಯುವ ಮೃಗಗಳ ಸದ್ದು ಗೊತ್ತು. ಆ ಸದ್ದು ಗೊತ್ತಿರಲಿಲ್ಲ.

ಅವನು ನನ್ನ ಬೆನ್ನ ಮೇಲೆ ನೆಟ್ಟಗೆ ಕುಳಿತಿದ್ದ. ಆಟದ ಗಾಳಿ ಎಂದಿನಂತೆ ಅವನ ಮೇಲಂಗಿಯನ್ನು ಹಾರಿಸುತ್ತಿತ್ತು. ಜನ ಬಂದರು, ಅತ್ತರು, ಅವನ ಬೈಕಿಗೆ ಹಾಯ್ದ ಲಾರಿಯ ಬಗ್ಗೆ ಮಾತಾಡಿದರು. ಒಬ್ಬರು ಕೋಣೆಗೆ ಬಂದು, "ಈ ಮಷೀನ್ ಯಾಕ ಹಚ್ಚೇ ಬಿಟ್ಟೀರಿ?" ಎಂದರು. "ಇರ್ಲಿ ಬಿಡ್ರಿ. ಅಂವಾ ಹಚ್ಚಿ ಹೋಗಿದ್ದು" ಎಂದಿತು ಇನ್ನೊಂದು ದನಿ. ನನಗೆ ಹಸಿವಾಗಿತ್ತು. ಅವನು ಇಳಿಯಲಿಲ್ಲ. ಆಮೇಲೆ ಕರೆಂಟು ಹೋಯಿತು.

ಮತ್ತೆ ಬೆಳಕು ಬಂದಾಗ ಅವನು ನನ್ನ ಮುಂದೆ ನಿಂತಿದ್ದ. ಅದೇ ಮೇಲಂಗಿ, ತಲೆಯ ಮೇಲೆ ಅದೇ ಹೆಸರು. ಆದರೆ ನಡೆದಾಗ ಕಲ್ಲಿಗೆ ಡಿಕ್ಕಿ ಹೊಡೆದ. ಹಳ್ಳಕ್ಕೆ ಬಿದ್ದ. ಎದ್ದು ಬಂದು ಮತ್ತೆ ಬಿದ್ದ. ಕೀಲಿಗಳ ಮೇಲಿದ್ದ ಕೈ ಬೇರೆಯವರದು. ಆ ಕೈ ಒಂದೊಂದೇ ಕೀಲಿ ಒತ್ತಿ ನೋಡುತ್ತಿತ್ತು. ಕೊನೆಗೆ ಕರೆಯ ಕೀಲಿ ಸಿಕ್ಕಿತು.

ಬಂದೆ, ಬಂದೆ, ತಡೀ.

ನಾನು ಓಡಿದೆ. ಮೈಕಿನ ಆಚೆ ಉಸಿರು ಹಿಡಿದವಳು ದಾಕ್ಷಾಯಣಿ. ನಾನು ಮುಂದೆಯೇ ನಿಂತಿದ್ದೆ, ಆದರೂ ಅವಳು ಮತ್ತೆ ಒತ್ತಿದಳು. ಮತ್ತೆ ಒತ್ತಿದಳು. ಮುಂದೆ ನಿಂತ ಮೃಗವನ್ನು ಕರೆದರೆ ಅದು ಒಂದು ಸುತ್ತು ಹಾಕಿ ಬಂದು ನಿಲ್ಲುತ್ತದೆ. ಅಂದು ಸಂಜೆಯವರೆಗೆ ನಾನು ಸುತ್ತು ಹಾಕಿದೆ.

ಕೆಲವು ದಿನಗಳ ಮೇಲೆ ಇಮ್ತಿಯಾಜ ಬಂದ. ರೆಕ್ಕೆಯ ಮೃಗ ದೂರದಲ್ಲೇ ಇಳಿಯಿತು.

"ಗುರಸಿದ್ದಾ?" ಎಂದ. ಅವನ ದನಿ ಸಣ್ಣದಾಗಿತ್ತು.

"ನಾನ್ರೀ. ದಾಕ್ಷಾಯಣಿ."

"ವೈನಿ... ಅವನ ಹೆಸರು ಪರದೆ ಮ್ಯಾಲ ಹತ್ತಿದ್ದು ಕಂಡು ನನ್ನ ಎದಿ ಝಲ್ ಅಂತ್ರಿ."

ಅವಳು ಕ್ಷಮೆ ಕೇಳಲಿಲ್ಲ. ಈ ಮೃಗಕ್ಕೆ ಏನು ಹಾಕಬೇಕು ಎಂದು ಕೇಳಿದಳು. ಅವನು ನೀಲಿ ಗೆಡ್ಡೆ ಎಲ್ಲಿ ಅಗೆಯಬೇಕೆಂದು ತೋರಿಸಿದ. ತಿನ್ನಿಸುವುದು ಬಿಟ್ಟರೆ ಅದು ಮತ್ತೆ ಕಾಡುಮೃಗವಾಗುತ್ತದೆ, ಅದರ ಕರೆ ಅಳಿದು ಹೋಗುತ್ತದೆ ಎಂದ. ಒಡೆಯನೇ ಬಿಟ್ಟುಕೊಟ್ಟರೂ ಅಷ್ಟೇ.

"ಬಿಟ್ರ ಮತ್ತ ಮುಂದ ನಿಂದರಬ್ಯಾಡ್ರಿ, ಓಡ್ರಿ. ಅದು ಗುರುತ ಹಿಡಿಯಂಗಿಲ್ಲ."

"ನಾ ಯಾಕ ಬಿಡ್ಲಿ?"

"ದನಿ ಸಲುವಾಗಿ ಇಟ್ಕೊಂಡೀರಿ, ಹೌದಿಲ್ಲೋ? ಮೊಬೈಲ್‌ನ್ಯಾಗ ತುಂಬಿ ಇಟ್ಕೋರಿ ವೈನಿ. ದಿನಾ ಇಲ್ಲಿ ಬರೋದ್ ಬ್ಯಾಡ."

"ಮೊಬೈಲ್‌ನ್ಯಾಗಿದ್ರ ಬರೇ ದನಿ" ಎಂದಳು ಅವಳು. "ಇಲ್ಲಿ ಒತ್ತಿದ್ರ ಏನರ ಬರ್ತೈತಿ."

ಬರುತ್ತಿದ್ದದ್ದು ನಾನು. ಇಮ್ತಿಯಾಜ ಹಾರಿ ಹೋದ. ಮತ್ತೆ ಬರಲಿಲ್ಲ.

ದಾಕ್ಷಾಯಣಿ ನನ್ನನ್ನು ಏರಲಿಲ್ಲ. ಬರುತ್ತಿದ್ದಳು, ಗೆಡ್ಡೆ ಹಾಕುತ್ತಿದ್ದಳು, ಕರೆಯುತ್ತಿದ್ದಳು. ನಾನು ಓಡಿ ಹೋಗುವಾಗ ಪ್ರತಿ ಸಲವೂ ಅವನ ಕೈ ಇರಬಹುದೆಂದುಕೊಳ್ಳುತ್ತಿದ್ದೆ. ಹತ್ತಿರ ಹೋದ ಮೇಲೆ ಅವನ ಮೈಯೊಳಗೆ ಅವಳು. ನಾವಿಬ್ಬರೂ ಅವನನ್ನು ನೋಡುತ್ತ ನಿಲ್ಲುತ್ತಿದ್ದೆವು. ಅವನು ನಮ್ಮಿಬ್ಬರ ನಡುವೆ ನಿಂತು ಯಾವ ಕಡೆಯೂ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಅವಳು ಕೀಲಿ ಒತ್ತಿದಳು. ಹೊರಗೆ ಒಂದು ಪಾತ್ರೆ ನೆಲಕ್ಕೆ ಬಿತ್ತು.

"ಯಾರು?" ನೀಲವ್ವನ ದನಿ ಬಾಗಿಲಲ್ಲಿತ್ತು. "ಯಾರು ಮಾತಾಡಿದ್ರು ಈಗ?"

ದಾಕ್ಷಾಯಣಿ ಹೇಳಿದಳು. ಆಟ, ಮೃಗ, ಕರೆ, ಅಡಿಗೆಮನೆಯಿಂದ ತಾನು ಕೂಗಿದ್ದು, ಎಲ್ಲವನ್ನೂ. ನೀಲವ್ವ ಎಲ್ಲ ಕೇಳಿ, "ಇನ್ನೊಮ್ಮೆ ಅನಸು" ಎಂದಳು.

ಆಮೇಲೆ ನೀಲವ್ವ ದಿನವೂ ಬಂದಳು. ಯಾವ ಕೀಲಿ ಎಂದು ತಿಳಿದುಕೊಂಡಳು. ಗುರುತಿಗೆ ಅದರ ಮೇಲೆ ಕುಂಕುಮದ ಬೊಟ್ಟು ಇಟ್ಟಳು. ಸ್ವಲ್ಪ ದಿನಗಳಲ್ಲಿ ಒಂದು ಪದ್ಧತಿ ಬೆಳೆಯಿತು. ಊಟದ ಹೊತ್ತಿಗೆ ಅವಳು ಅಡಿಗೆಮನೆಯಿಂದ ಕೂಗುವಳು.

"ಗುರಸಿದ್ದಾ, ಉಣ್ಣಾಕ ಬಾರಪ್ಪಾ!"

ದಾಕ್ಷಾಯಣಿ ಕೀಲಿ ಒತ್ತಬೇಕು. ಬಂದೆ, ಬಂದೆ, ತಡೀ. ನೀಲವ್ವ ಮಗನಿಗೂ ಒಂದು ತಾಟು ಹಾಕುವಳು. ಅದರ ಮುಂದೆ ಕುಳಿತು ಕಾಯುವಳು. ರೊಟ್ಟಿ ಆರುತ್ತಿತ್ತು. ಮೊದಮೊದಲು ಸ್ವಲ್ಪ ಹೊತ್ತು ಕಾದು ಉಣ್ಣುತ್ತಿದ್ದಳು. ಆಮೇಲೆ ಉಣ್ಣುವುದನ್ನು ಬಿಟ್ಟಳು.

"ನೀವು ಉಣ್ರಿ ಅತ್ತಿ."

"ಅಂವಾ ಬರ್ಲಿ. ತಡೀ ಅಂದಾನಲ್ಲ."

"ಅದು ಹಳೇ ದನಿ ಅತ್ತಿ. ಯಾವಾಗೋ ಅಂದದ್ದು."

"ನಿನಗ ಹಳೇದು. ನಾ ಈಗ ಕರದೆ, ಅಂವಾ ಈಗ ಓ ಅಂದ."

ಒಂದು ದಿನ ದಾಕ್ಷಾಯಣಿ ಕೀಲಿ ಒತ್ತಲಿಲ್ಲ. ನೀಲವ್ವ ಎರಡು ಸಲ ಕೂಗಿದಳು. ಆಮೇಲೆ ತಾನೇ ಎದ್ದು ಬಂದು ಒತ್ತಿದಳು. ಓಡಿ ಬಂದ ನನ್ನನ್ನು ಅವಳು ನೋಡಲೂ ಇಲ್ಲ. ಹೋಗಿ ತಾಟಿನ ಮುಂದೆ ಕುಳಿತಳು. ಅವಳ ಹೆಜ್ಜೆಯ ಸದ್ದು ದಿನದಿಂದ ದಿನಕ್ಕೆ ಹಗುರಾಯಿತು. ಬಳೆ ಮೊಳಕೈವರೆಗೆ ಜಾರುವ ಸದ್ದು ಕೇಳುತ್ತಿತ್ತು. ನೀರು ಕೊಡಲು ಬಂದ ಪಕ್ಕದ ಮನೆಯವಳು, "ಹಿಂಗಾದ್ರ ಮುದುಕಿ ಭಾಳ ದಿನ ಉಳಿಯಂಗಿಲ್ಲ ಯವ್ವಾ" ಎಂದು ದಾಕ್ಷಾಯಣಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು.

ನನ್ನನ್ನು ಬಿಡುವ ಪುಟವನ್ನು ದಾಕ್ಷಾಯಣಿ ಆ ದಿನಗಳಲ್ಲಿ ಮೊದಲ ಸಲ ತೆರೆದಳು. 'ಬಿಡಬೇಕೇ? ಬಿಟ್ಟರೆ ಹೆಸರೂ ಕರೆಯೂ ಅಳಿಯುತ್ತವೆ' ಎಂದು ಅದು ಕೇಳಿತು. ಅವಳು ಮುಚ್ಚಿದಳು. ಮರುದಿನ ತೆರೆದಳು. ಮುಚ್ಚಿದಳು. ಮುಚ್ಚಿದ ಮೇಲೆ ಕರೆಯುತ್ತಿದ್ದಳು, ನಾನು ಬರುತ್ತಿದ್ದೆ.

ವರ್ಷದ ಎಡೆಯ ದಿನ ಬಂತು.

ಆ ಮನೆಯಲ್ಲಿ ಸತ್ತವರಿಗೆ ಎಡೆ ಇಡುವ ಪದ್ಧತಿ ಹೀಗೆ: ಹಬ್ಬದ ಅಡಿಗೆಯ ಜೊತೆ ಅವರಿಗೆ ಇಷ್ಟವಾದದ್ದನ್ನೂ ಮಾಡಿ, ಫೋಟೋದ ಮುಂದೆ ಬಡಿಸಿ, ಹೆಸರು ಹಿಡಿದು ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಬೇಕು. ಒಳಗೆ ಅವರು ಉಣ್ಣುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಹಿರಿಯರೊಬ್ಬರು ಕೆಮ್ಮಿ, ಬಾಗಿಲು ಬಡಿದು ತೆಗೆಯುತ್ತಾರೆ. ಆಮೇಲೆ ಉಳಿದವರ ಊಟ. ಅಲ್ಲಿಯವರೆಗೆ ಕೂಸುಗಳೂ ಉಣ್ಣುವಂತಿಲ್ಲ. ಗುರುಸಿದ್ಧನ ಎಡೆಯನ್ನು ಆಟದ ಯಂತ್ರವಿದ್ದ ಈ ಕೋಣೆಯಲ್ಲೇ ಇಡಬೇಕು ಎಂದಳು ನೀಲವ್ವ. ಬದುಕಿದ್ದಾಗ ಅವನು ಹೊತ್ತು ಕಳೆದದ್ದೆಲ್ಲ ಇಲ್ಲೇ.

ಬಡಿಸುವ ಸದ್ದು ಕೇಳಿದೆ. ನೀಲವ್ವ ಮಗನ ಹೆಸರು ಹಿಡಿದು ಕರೆದಳು. ತಾನೇ ಕುಂಕುಮದ ಕೀಲಿ ಒತ್ತಿದಳು. ಬಂದೆ, ಬಂದೆ, ತಡೀ. ಕೋಣೆಯಲ್ಲಿದ್ದ ನೆಂಟರೆಲ್ಲ ಹಿಂದೆ ಸರಿದರು. ಒಂದು ಕೂಸು ಅತ್ತಿತು. ಬಾಗಿಲು ಹಾಕಿದರು.

ಹೊರಗೆ ನೀಲವ್ವ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಅವಳ ತಮ್ಮ ಶಿವಪುತ್ರಪ್ಪ ಬಂದು ಕೆಮ್ಮಿದ.

"ಬಾಗಲಾ ತಗೀಯಕ್ಕಾ. ಹೊತ್ತಾತು."

"ಅಂವಾ ಇನ್ನೂ ಬಂದಿಲ್ಲ."

"ಬಂದು ಉಂಡಿರ್ತಾನ ತಗೀ."

"ತಡೀ ಅಂದಾನ. ನಿನ್ನ ಕಿವೀಲೆ ಕೇಳೀಯಲ್ಲ? ಬಂದಮ್ಯಾಲ ತಗಿಯೋಣು."

ಮೊದಲು ಯಾರೋ ನಕ್ಕರು. ಆಮೇಲೆ ನಗು ನಿಂತಿತು. ಹೊತ್ತು ಹೋಯಿತು. ಕೂಸುಗಳಿಗೆ ಹಸಿವೆಯಾಗಿತ್ತು. ಶಿವಪುತ್ರಪ್ಪ ಬೈದ, ಬೇಡಿಕೊಂಡ, ಅತ್ತ. "ಊರ ಮಂದಿ ಏನಂದಾರು ಅಕ್ಕಾ" ಎಂದ. ನೀಲವ್ವ ಅಲ್ಲಾಡಲಿಲ್ಲ. ಅವಳು ಇನ್ನು ಎಂದೂ ಆ ಬಾಗಿಲು ಬಿಟ್ಟು ಏಳುವುದಿಲ್ಲ ಎಂದು ನನಗನಿಸಿತು. ಮುಂದೆ ಏನೂ ಉಣ್ಣುವುದೂ ಇಲ್ಲ.

ಆಗ ದಾಕ್ಷಾಯಣಿಯ ದನಿ ಕೇಳಿಸಿತು.

"ಸರೀರಿ ಅತ್ತಿ. ನಾ ಒಳಗ ಹೋಗಿ ಕೇಳಿ ಬರ್ತೀನಿ, ಎಷ್ಟೊತ್ತು ಅಂತ."

ಬಾಗಿಲು ಬಿಟ್ಟು ಸರಿದ ನೀಲವ್ವನ ಸೀರೆಯ ಸದ್ದಾಯಿತು. ಬಾಗಿಲು ತೆರೆದು ಮತ್ತೆ ಮುಚ್ಚಿತು. ಚಿಲಕ ಬಿತ್ತು.

ದಾಕ್ಷಾಯಣಿ ಮೊದಲು ನೆಲದ ಮೇಲೆ ಕುಳಿತಳು. ತಾಟಿನ ಸದ್ದು ಬಂತು. ಹೋಳಿಗೆ ಮುರಿದಳು, ತಿಂದಳು. ಸಂಡಿಗೆ ಅವಳ ಹಲ್ಲಿನಲ್ಲಿ ಪುಡಿಯಾಯಿತು. ಅವನಿಗಿಟ್ಟ ಅನ್ನವನ್ನು ಕಲಸಿ ತಿಂದಳು. ಬಾಯಿ ಮುಚ್ಚಿಕೊಂಡು ತಿನ್ನುತ್ತಿದ್ದಳು, ಹೊರಗೆ ಕೇಳಬಾರದೆಂದು. ನಡುವೆ ಒಮ್ಮೆ ನೀರು ಕುಡಿದಳು. ಮತ್ತೆ ತಿಂದಳು.

ಆಮೇಲೆ ಎದ್ದು ಕುರ್ಚಿಗೆ ಬಂದಳು. ಅವನ ಮೈ ನನ್ನ ಮುಂದೆ ನಡೆದು ಬಂತು. ಈಗ ಅವಳು ಎಡವುತ್ತಿರಲಿಲ್ಲ. ಒಂದು ಗೆಡ್ಡೆ ಹಾಕಿದಳು. ನಾನು ತಿಂದೆ. ಬಿಡುವ ಪುಟ ತೆರೆಯಿತು. ಪರದೆ ಕೇಳಬೇಕಾದದ್ದನ್ನು ಕೇಳಿತು.

ಅವಳು ಒತ್ತಿದಳು.

ನನ್ನ ತಲೆಯ ಮೇಲಿನ ಹೆಸರು ಹೋಯಿತು. ಒಳಗೆ ಮಲಗಿದ್ದದ್ದು ಎದ್ದಿತು. ನನ್ನ ಎದುರು ಒಬ್ಬ ಮನುಷ್ಯನಿದ್ದ, ಬಹಳ ಹತ್ತಿರ. ಓಡಬೇಕೆಂದು ಅವಳಿಗೆ ಗೊತ್ತಿತ್ತು. ಕೀಲಿಗಳಿಂದ ಸದ್ದು ಬರಲಿಲ್ಲ. ನಾನು ಹಣೆ ತಗ್ಗಿಸಿ ಹಾಯ್ದೆ. ಅವನು ಬಿದ್ದ.

'ಎದ್ದೇಳುವೆಯಾ?' ಎಂದು ಪರದೆ ಕೇಳಿತು.

ಅವಳು ಉತ್ತರ ಕೊಡಲಿಲ್ಲ. ಚಿಲಕ ತೆಗೆದ ಸದ್ದಾಯಿತು.

"ಉಂಡ್ರು ಅತ್ತಿ" ಎಂದಳು.

ನೀಲವ್ವ ಒಳಗೆ ಬಂದಳು. ತಾಟಿನ ಬಳಿ ನಿಂತಳು.

"ಹೋಳಿಗಿ ಮುರದಾನ."

"ಹೂಂ."

"ಅನ್ನಾ ಕಲಸ್ಯಾನ." ನೀಲವ್ವನ ದನಿ ಏರಿತು. "ಬದ್ನಿಕಾಯಿ ಮುಟ್ಟಿಲ್ಲ ನೋಡು! ಹುಟ್ಟಿದಾಗಿಂದ ಮುಟ್ಟಿಲ್ಲ ಅಂವಾ. ಶಿವಪುತ್ರಾ, ಬಾ ಇಲ್ಲಿ, ಬದ್ನಿಕಾಯಿ ಹಂಗ ಬಿಟ್ಟಾನ ನೋಡು."

ಅವಳು ಕೀಲಿ ಒತ್ತಿದಳು. ಏನೂ ಕೇಳಲಿಲ್ಲ. ಮತ್ತೆ ಒತ್ತಿದಳು.

"ಅಂವಾ ಓ ಅನ್ನವಲ್ಲ."

"ಉಂಡ್ ಹೋದ್ರಲ್ಲ ಅತ್ತಿ."

ಫ್ಯಾನು ಕಿರುಗುಟ್ಟಿತು. ನೀಲವ್ವನ ಬಳೆ ಜಾರಿದ ಸದ್ದು ಬಂತು, ಕಣ್ಣು ಒರೆಸಿಕೊಂಡಿರಬೇಕು.

"ಶಿವಪುತ್ರಾ" ಎಂದಳು ಕೊನೆಗೆ, "ಎಲ್ಲಾರಿಗೂ ತಾಟ್ ಹಾಕಸು. ನನಗೂ ಒಂದು. ದಾಕ್ಷೀ, ನೀನೂ ಕುಂದ್ರು. ಮುಂಜಾನಿಂದ ಏನೂ ತಿಂದಿಲ್ಲ ನೀ."

"ಹೂಂ ಅತ್ತಿ" ಎಂದಳು ದಾಕ್ಷಾಯಣಿ.

ಯಂತ್ರ ಆರಿಸಲು ಅವರು ಮರೆತರು. ಆ ಮಧ್ಯಾಹ್ನವೆಲ್ಲ ಅವನು ನನ್ನ ಪಕ್ಕದಲ್ಲಿ ಬಿದ್ದಿದ್ದ. ಆಚೆಯಿಂದ ಉಣ್ಣುವ ಸದ್ದು ಬರುತ್ತಿತ್ತು. ತುಪ್ಪ ಬೇಡುವವರು, ಸಾಕು ಎನ್ನುವವರು, ಕೂಸಿಗೆ ತುತ್ತು ಇಡುವವರು. ಸಂಜೆ ಯಾರೋ ಬಂದು ಗುಂಡಿ ಒತ್ತಿದರು. ಅವನು ಮಾಯವಾದ. ಅವನು ಬಿದ್ದಿದ್ದ ಜಾಗದಲ್ಲಿ ಹುಲ್ಲು ಮೊದಲಿನಂತೆಯೇ ನಿಂತಿತ್ತು.

ಈಗ ನಾನು ಕಣಿವೆಯ ಒಂದು ಮೂಲೆಯಲ್ಲಿರುತ್ತೇನೆ. ಈ ಆಟಕ್ಕೆ ಬರುವ ಜನ ಕಡಿಮೆಯಾಗಿದ್ದಾರೆ. ಹೊಸ ಆಟಗಳು ಬಂದಿರಬೇಕು. ಅಪರೂಪಕ್ಕೆ ಯಾರಾದರೂ ಗೆಡ್ಡೆ ಹಿಡಿದು ಬರುತ್ತಾರೆ. ನಾನು ಕೊಲ್ಲುತ್ತೇನೆ. ಅವರು ಎದ್ದೇಳುತ್ತಾರೆ. ನನಗೆ ವಯಸ್ಸಾಗುವುದಿಲ್ಲ, ಆದರೆ ನನ್ನನ್ನು ಕಾಣುವವರು ಕಡಿಮೆಯಾಗುತ್ತಿದ್ದಾರೆ. ನನ್ನಂಥವುಗಳ ಮುಪ್ಪು ಹೀಗಿರಬಹುದು.

ಅವನ ಕರೆಯ ಮಾತುಗಳನ್ನು ನಿಮಗೆ ಹೇಳಿದ್ದೇನೆ. ಅವು ನನಗೆ ತಿಳಿದಿವೆ. ಆದರೆ ಅವು ಯಾವ ದನಿಯಲ್ಲಿದ್ದವು ಎಂದು ಯಾರಾದರೂ ಕೇಳಿದರೆ, ನನಗೆ ಗೊತ್ತಿಲ್ಲ.